ಕಚೇರಿಯ ಗಿರಿವಾಸ

ನಮ್ಮೂರು ಬಿಳೂರಿನಿಂದ ತಾಲೂಕಿನ ಊರಾದ ಜತ್ತಕ್ಕೆ ಹೋಗಿ, ಅಲ್ಲಿ ಕೊಂಕಣದ ಗುಹಾಗರದಿಂದ ಬರುವ ರಸ್ತೆಯನ್ನು ಹಿಡಿದು ಪೂರ್ವಾಭಿಮುಖವಾಗಿ ನಡೆದರೆ ವಿಜಾಪುರ ಸಿಕ್ಕುತ್ತದೆಂಬುದು ನಮ್ಮ ಸೀಮೆಯ ಒಣದ್ರಾಕ್ಷಿ ವ್ಯಾಪಾರಿಗಳಿಗೆಲ್ಲ ತಿಳಿದ ಸಂಗತಿಯೇ ಆದರೂ, ಆ ವಿಜಾಪುರವನ್ನು ಹಾಯ್ದು ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿಯು ತನ್ನ ಒಂದು ತುದಿಯನ್ನು ಅರಬ್ಬೀ ಸಮುದ್ರದ ದಂಡೆಯ ಅಂಕೋಲೆಯಲ್ಲಿಯೂ ಇನ್ನೊಂದು ತುದಿಯನ್ನು ಪಂಜಾಬದ ಸಂಗರೂರಿನಲ್ಲಿಯೂ ಊರಿಕೊಂಡು, ಸುಮಾರು 2,300 ಕಿಲೋಮೀಟರುಗಳಷ್ಟು ದೂರ ಚಾಚಿಕೊಂಡಿದೆಯೆಂಬುದನ್ನು ಬಹಳ ಮಂದಿ ಲಕ್ಷ್ಯಕ್ಕೆ ತಂದುಕೊಂಡಿರಲಾರರು. ಹೆದ್ದಾರಿಗಳಿಗೆ ಹೊಸ ಸಂಖ್ಯಾಕ್ರಮ ಬರುವವರೆಗೆ ಇದೇ ದಾರಿಯು ತುಂಡುತುಂಡಾಗಿ ಬೇರೆ ಬೇರೆ ಅಂಕಿಗಳಿಂದ ಕರೆಯಿಸಿಕೊಳ್ಳುತ್ತಿತ್ತಾದುದರಿಂದ, ನಮ್ಮ ಮಗ್ಗುಲಿನ ವಿಜಾಪುರದಿಂದ ಪಂಜಾಬದವರೆಗೆ ಒಂದೇ ಹೆಸರಿನ ದಾರಿಯಿದೆಯೆಂದು ಯಾರಿಗೂ ಹೊಳೆಯಲು ಕಾರಣವಿರಲಿಲ್ಲ. ಸಂಗರೂರಿನಿಂದ ಮುಂದೆ ಪಟಿಯಾಲೆ, ಚಂಡೀಗಡ, ಕಿರತಪುರ, ಆಮೇಲೆ ಏರು, ಮಂಡಿ, ಕುಲ್ಲು, ಮನಾಲಿ.

ಪುಣೆಯ ಒಂದು ಕಂಪನಿಯಲ್ಲಿ ಗಣಕಯಂತ್ರದ ಕೆಲಸ ಮಾಡತಕ್ಕ ನಮ್ಮೂರ ಹುಡುಗನೊಬ್ಬನು ಈ ದಾರಿಯಿಂದಲೇ ತನ್ನ ಕಾರನ್ನು ನಡೆಸಿಕೊಂಡು ಹೋಗಿ, ಕುಲ್ಲು ಕಣಿವೆಯ ಒಂದು ಹಳ್ಳಿಯಲ್ಲಿ ಕೋಣೆ ಹಿಡಿದು, ರಜೆಯನ್ನೂ ತೆಗೆದುಕೊಳ್ಳದೆ ಸಂಬಳವನ್ನೂ ಕಡಿಯಿಸಿಕೊಳ್ಳದೆ ಒಂದು ಬೇಸಗೆಯನ್ನು ಅಲ್ಲಿ ಕಳೆದು ಬಂದನು. ತಿರುಗಿ ಬಂದವನನ್ನು ಊರ ಹಿರಿಯರು ಹಿಮದ ವಿಷಯ ಕೇಳುವುದಕ್ಕೆ ಮೊದಲು ಕೇಳಿದ್ದು, "ಮಾಲಕ ಪಗಾರ ಕೊಟ್ನೇನಪಾ?" ಎಂಬ ಒಂದೇ ಮಾತನ್ನು. ಆ ಪ್ರಶ್ನೆಯು ತಿಳಿಗೇಡಿತನದ್ದೆಂದು ನಗತಕ್ಕದ್ದಲ್ಲ. ಮೈಯೊಂದು ಕಡೆ, ಕೆಲಸವೊಂದು ಕಡೆ ಇರಬಲ್ಲವೆಂಬುದು ಮನುಷ್ಯನ ಇತಿಹಾಸದಲ್ಲಿ ತೀರ ಈಚಿನ ಮಾತು. ಅದು ಹೇಗೆ ಸಾಧ್ಯವಾಯಿತು, ಯಾರಿಗೆ ಸಾಧ್ಯವಾಯಿತು, ಯಾರಿಗೆ ಆಗಲಿಲ್ಲ ಎಂಬುದನ್ನು ತುಸು ವಿಸ್ತಾರವಾಗಿಯೇ ನೋಡಬೇಕಾಗಿದೆ.

ಮೊದಲು ದಾರಿಯ ಮಾತು. ಧೂಳಖೇಡದ ಹತ್ತಿರ ಭೀಮೆಯನ್ನು ದಾಟಿ, ಸೊಲ್ಲಾಪುರ ತುಳಜಾಪುರಗಳನ್ನು ಹಿಂದಿಕ್ಕಿ, ಬೀಡದಾಚೆ ಶಹಾಗಡದಲ್ಲಿ ಗೋದಾವರಿಯನ್ನೂ, ಖಾನದೇಶದಲ್ಲಿ ತಾಪಿಯನ್ನೂ, ಸೇಂಧವಾ ಘಾಟಿನಲ್ಲಿ ಸಾತಪುಡೆಯ ಬೆನ್ನನ್ನೂ, ಖಲಘಾಟಿನಲ್ಲಿ ನರ್ಮದೆಯನ್ನೂ ದಾಟಿಕೊಂಡು ಇಂದೂರಿನ ಮಾಳವ ಪ್ರಸ್ಥಭೂಮಿಗೆ ಏರುವ ಪಯಣಿಗನು, ಭಾಷೆ ಬದಲಾಗುತ್ತ ಹೋದರೂ ಮಣ್ಣು ಮಾತ್ರ ಬದಲಾಗಲಿಲ್ಲವಲ್ಲ ಎಂದು ಆಶ್ಚರ್ಯಪಡುತ್ತಾನೆ. ಏಕೆಂದರೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ, ಪದರದ ಮೇಲೆ ಪದರವಾಗಿ ಹರಡಿ ಹೆಪ್ಪುಗಟ್ಟಿದ ಶಿಲಾರಸವೇ ನಮ್ಮ ಜತ್ತದ ಕರಿಗಲ್ಲೂ ಮಾಳವದ ಕರಿಗಲ್ಲೂ ಆಗಿದ್ದು, ಅದು ಸವೆದು ಆದ ಎರೆಮಣ್ಣಿನಲ್ಲಿಯೇ ಇಲ್ಲಿ ಬಿಳಿಜೋಳವೂ ಅಲ್ಲಿ ಗೋದಿಯೂ ಬೆಳೆಯುತ್ತವೆ. ಔರಂಗಾಬಾದಿನಾಚೆ, ದಾರಿಗೆ ಅಷ್ಟೇನೂ ದೂರವಲ್ಲದ ವೇರೂಳದಲ್ಲಿ, ಎಂದರೆ ಎಲ್ಲೋರಾದಲ್ಲಿ, ಎಂಟನೆಯ ಶತಮಾನದ ನಮ್ಮ ರಾಷ್ಟ್ರಕೂಟ ಒಂದನೆಯ ಕೃಷ್ಣನು ಕೈಲಾಸವನ್ನು ಕಡೆಯಿಸಿದ್ದು ಈ ಕಲ್ಲಿನಲ್ಲಿಯೇ. ಅದರ ಮುಂದಿನ ಊರ ಹೆಸರೇ ಕನ್ನಡ. ಅಲ್ಲಿಂದ ಚಾಳೀಸಗಾವಿಗೆ ಇಳಿಯುವ ಘಾಟು ಕನ್ನಡ ಘಾಟು. ಈಗ ಆ ಪೇಟೆಯಲ್ಲಿ ನಮ್ಮ ಮಾತನ್ನು ಆಡುವವರಿಲ್ಲವಾದರೂ, ಬಿಳೂರಿನಿಂದ ಹೊರಟವನು ಫಲಕವನ್ನು ಕಂಡು ಕಾರು ನಿಲ್ಲಿಸದೆ ಮುಂದೆ ಹೋಗುವುದು ಕಷ್ಟ. ಕರಿಗಲ್ಲು ಮುಗಿಯುವುದು ರಾಜಸ್ಥಾನದ ಗಡಿಯ ಆಸುಪಾಸಿನಲ್ಲಿ. ಕೋಟಾ ಹತ್ತಿರ ಬಂದಾಗ, ಮನೆಗಳಲ್ಲಿ ನೆಲಕ್ಕೆ ಹಾಸುವ ಹಸಿರುಛಾಯೆಯ ಸುಣ್ಣಕಲ್ಲಿನ ಚಪ್ಪಡಿಗಳು ದಾರಿಯುದ್ದಕ್ಕೂ ಒಟ್ಟಿಕೊಂಡಿರುವುದು ಕಾಣುತ್ತದೆ. ಅನಂತರ ಬೂಂದಿ, ಜಯಪುರಗಳನ್ನು ದಾಟಿದರೆ ಶೇಖಾವಾಟಿ, ಹಿಸಾರಗಳು ಮರಳು ಬಿಸಿಲುಗಳ ನಾಡು. ಅವುಗಳ ವರ್ಣನೆಗೆ ನಿಲ್ಲುವುದಿಲ್ಲ.

ಇನ್ನು ಕೆಲಸದ ಮಾತು. 2020ರ ಮಾರ್ಚ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಪುಣೆ ಬೆಂಗಳೂರುಗಳ ಕಚೇರಿಗಳು ಒಂದೇ ವಾರದಲ್ಲಿ ನೌಕರರ ಮನೆಗಳಿಗೆ ಚದರಿಹೋದದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಮುಂಚೆ, ದೂರವಾಣಿ ಇಲಾಖೆಯ ನಿಯಮಗಳ ಪ್ರಕಾರ, ಪರರ ಪರವಾಗಿ ಗಣಕ-ದೂರವಾಣಿ ಸೇವೆಯನ್ನು ನಡೆಸುವ ಕಂಪನಿಯು ತನ್ನ ನೌಕರನನ್ನು ಮನೆಯಲ್ಲಿ ಕೂಡಿಸಿ ಕೆಲಸ ಮಾಡಿಸಬೇಕಾದರೆ ಠೇವಣಿ, ಗೊತ್ತುಪಡಿಸಿದ ವಿಳಾಸ, ವಿಶೇಷ ಸಂಪರ್ಕಜಾಲ ಮುಂತಾದ ಎಷ್ಟೋ ಕಟ್ಟಳೆಗಳಿಗೆ ಒಳಪಡಬೇಕಾಗಿತ್ತು. ಆ ಮಾರ್ಚಿನಲ್ಲಿ ತಾತ್ಕಾಲಿಕವಾಗಿ ಸಡಿಲಿಸಿದ ಈ ಕಟ್ಟಳೆಗಳನ್ನು ಅದೇ ವರ್ಷದ ನವೆಂಬರ 5ರ ಹೊಸ ಮಾರ್ಗಸೂಚಿಯು ಬಹುಮಟ್ಟಿಗೆ ತೆಗೆದುಹಾಕಿ, ಮನೆಯಿಂದ ಮಾತ್ರವಲ್ಲ, ದೇಶದ ಯಾವ ಮೂಲೆಯಿಂದಾದರೂ ಕೆಲಸ ಮಾಡಬಹುದೆಂದು ಸ್ಪಷ್ಟವಾಗಿ ಒಪ್ಪಿತು. ನಮ್ಮ ಹುಡುಗನ ಗಿರಿವಾಸಕ್ಕೆ ಕಾರಿಗಿಂತಲೂ ಮೊದಲು ಬೇಕಾಗಿದ್ದುದು ಈ ಕಾಗದ.

ಕಾಗದವಾದ ಮೇಲೆ ತಂತಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುವುದರಿಂದ, ಕುಲ್ಲುವಿನಿಂದ ಪುಣೆಗಿರುವ ಎರಡು ಸಾವಿರ ಕಿಲೋಮೀಟರು ಅದಕ್ಕೆ ಒಂದು ಸೆಕೆಂಡಿನ ನೂರನೆಯ ಒಂದು ಪಾಲಿನ ಪ್ರಯಾಣ. ಕಣ್ಣೆವೆಯಿಕ್ಕುವುದಕ್ಕೆ ಇದರ ಹತ್ತು ಪಟ್ಟು ಕಾಲ ಹಿಡಿಯುತ್ತದೆ. ಆದುದರಿಂದ ದೂರವೆಂಬುದು ಇಲ್ಲಿ ಲೆಕ್ಕಕ್ಕೆ ಬರತಕ್ಕ ವಸ್ತುವೇ ಅಲ್ಲ. ಲೆಕ್ಕಕ್ಕೆ ಬರುವುದು ಕಟ್ಟಕಡೆಯ ಅರ್ಧ ಮೈಲು. ಗಾಜಿನ ಎಳೆ ರಸ್ತೆಯ ಪಕ್ಕದಲ್ಲಿ ನಿಂತುಬಿಟ್ಟರೆ, ಅಲ್ಲಿಂದ ಮುಂದೆ ಮನೆಯವರೆಗೆ ಬೇತಾರ ತರಂಗಗಳೇ ಗತಿ. ಆ ತರಂಗಗಳೋ ಬಹುಮಟ್ಟಿಗೆ ಸರಳರೇಖೆಯಲ್ಲಿ ಚಲಿಸತಕ್ಕವುಗಳಾದುದರಿಂದ, ಗೋಪುರಕ್ಕೂ ಮನೆಗೂ ನಡುವೆ ಒಂದು ಗುಡ್ಡದ ಮಗ್ಗುಲು ಅಡ್ಡ ಬಂದರೂ ಸಾಕು, ಸಂಭಾಷಣೆ ಕಡಿದು ಬೀಳುತ್ತದೆ. ಭೂಸ್ಥಿರ ಉಪಗ್ರಹವನ್ನು ಆಶ್ರಯಿಸೋಣವೆಂದರೆ ಅದು 35,786 ಕಿಲೋಮೀಟರು ಎತ್ತರದಲ್ಲಿದೆ. ಮಾತು ಮೇಲೆ ಹೋಗಿ ಕೆಳಗಿಳಿದು, ಉತ್ತರವೂ ಹಾಗೆಯೇ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ, ಇಬ್ಬರೂ ಒಮ್ಮೆಲೇ ಮಾತಾಡತೊಡಗಿ ಇಬ್ಬರೂ ಒಮ್ಮೆಲೇ ಸುಮ್ಮನಾಗುತ್ತಾರೆ. ಅಂದಮೇಲೆ, ಬೇತಾರಿನ ದೃಷ್ಟಿಯಿಂದ ನೋಡಿದರೆ ಹಿಮಾಲಯದ ಕಣಿವೆಗಿಂತ ನಮ್ಮ ಬಿಳೂರಿನ ಬಟಾಬಯಲೇ ಪ್ರಶಸ್ತವಾದ ಸ್ಥಳವೆಂದು ಹೇಳಬೇಕಾಗುತ್ತದೆ. ಈ ವಿಚಿತ್ರಕ್ಕೆ ಮುಂದೆ ಬರುತ್ತೇನೆ.

ಹುಡುಗನು ಹಿಡಿದ ಕೋಣೆಯು ಸೇಬಿನ ತೋಟದ ನಡುವಣ ಎರಡಂತಸ್ತಿನ ಮನೆಯದು; ಕೆಳಗೆ ಮನೆಯವರು, ಮೇಲೆ ಬಾಡಿಗೆಗೆ ಬಂದವರು. ಹಿಮಾಚಲ ಸರಕಾರವು 2008ರಲ್ಲಿ ಹೋಮ್‌ಸ್ಟೇ ಯೋಜನೆಯೊಂದನ್ನು ತಂದಂದಿನಿಂದ ಇಂಥ ಮನೆಗಳು ಆ ಕಣಿವೆಗಳಲ್ಲೆಲ್ಲ ಹೆಚ್ಚಿವೆ. ಕಿಟಕಿಯ ಹತ್ತಿರ ಒಂದು ಮೇಜು, ಕಿವಿಗೆ ಸಿಕ್ಕಿಸಿಕೊಳ್ಳುವ ಮಾತಿನ ಯಂತ್ರ, ಒಂದು ಮೊಬೈಲು ಸತ್ತರೆ ಇನ್ನೊಂದಿರಲೆಂದು ಎರಡು ಕಂಪನಿಗಳ ಎರಡು ಸಿಮ್ಮು, ಕರೆಂಟು ಹೋದರೆ ಎರಡು ತಾಸು ತಡೆಯುವ ಬ್ಯಾಟರಿ: ಇಷ್ಟೇ ಅವನ ಕಚೇರಿ. ಕಿಟಕಿಯ ಹೊರಗೆ ದೇವದಾರು ಕಾಣುತ್ತಿತ್ತಂತೆ, ಅದರ ಮೇಲೆ ಹಿಮ ಕಾಣುತ್ತಿತ್ತಂತೆ. ಆದರೆ ಬೆಳಗಿನ ಒಂಬತ್ತರಿಂದ ಸಂಜೆಯ ಏಳರವರೆಗೆ ಅವುಗಳಿಗೆ ಬೆನ್ನು ಮಾಡಿಯೇ ಕೂಡಬೇಕಾಗಿತ್ತು, ಏಕೆಂದರೆ ಬೆಳಕಿಗೆ ಮುಖ ಮಾಡಿದರೆ ಪರದೆಯ ಮೇಲಿನ ಅಕ್ಷರ ಕಾಣುವುದಿಲ್ಲ.

"ಕಾಕಾ, ಅಲ್ಲಿ ಬ್ಯಾಳಿ ಬೇಯಂಗಿಲ್ರಿ," ಎಂದು ಅವನು ನನಗೆ ಹೇಳಿದನು. "ಕುಕ್ಕರ ಇಲ್ದ ಅಡಗಿನ ಆಗಂಗಿಲ್ಲ. ಮೊದಲನೇ ದಿನಾ ತಿಳೀಲಿಲ್ಲ, ಮಧ್ಯಾಹ್ನದ ಮೀಟಿಂಗ್ ಮುಗಸಿ ಬಂದ್ರೂ ತೊಗರಿ ಹಂಗ ಇತ್ತು."

ಅದರ ಕಾರಣ ಸರಳವಾದುದು. ಎತ್ತರಕ್ಕೆ ಹೋದಂತೆ ವಾಯುಭಾರ ಕಡಿಮೆಯಾಗಿ ನೀರು ಬೇಗನೆ ಕುದಿಯುತ್ತದೆ. ಎರಡು ಸಾವಿರ ಮೀಟರ ಎತ್ತರದಲ್ಲಿ ಅದು ನೂರು ಡಿಗ್ರಿಯವರೆಗೆ ಕಾಯದೆ ಸುಮಾರು 93ರಲ್ಲಿಯೇ ಕುದಿದುಬಿಡುವುದರಿಂದ, ಎಷ್ಟು ಉರಿ ಹಾಕಿದರೂ ಬೇಳೆಗೆ ತಾಗುವ ಕಾವು ಅಷ್ಟೇ. ತೆಳುವಾದ ಗಾಳಿಯಲ್ಲಿ ಕಾರಿನ ಎಂಜಿನಿಗೂ ಬಲ ಕುಂದುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ತುಳಿಯುತ್ತ ಬಂದರೆ ಅದು ಕಾದು ಕೈಕೊಡುತ್ತದಾದುದರಿಂದ, ಏರುವಾಗ ಯಾವ ಗೇರಿನಲ್ಲಿ ಏರಿದೆವೋ ಅದರಲ್ಲಿಯೇ ಇಳಿಯಬೇಕೆಂಬುದು ಘಾಟಿನ ಲಾರಿಯವರ ಹಳೆಯ ಕಟ್ಟಳೆ. ಬಯಲುಸೀಮೆಯ ಚಾಲಕನು ಇದನ್ನು ಕಲಿಯದೆ ಮಂಡಿಯಿಂದ ಮೇಲೆ ಹೋಗತಕ್ಕದ್ದಲ್ಲ. ಮನಾಲಿಯಿಂದಾಚೆ, 2020ರ ಅಕ್ಟೋಬರ 3ರಂದು ತೆರೆದ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗವು 3,978 ಮೀಟರ ಎತ್ತರದ ರೋಹತಾಂಗ ಕಣಿವೆದಾರಿಯನ್ನು ಏರುವ ಕಷ್ಟವನ್ನು ತಪ್ಪಿಸಿ, ಚಳಿಗಾಲವೆಲ್ಲ ಹೊರಜಗತ್ತಿಗೆ ಎರವಾಗಿರುತ್ತಿದ್ದ ಲಾಹೂಲದವರೆಗೂ ಈ ಗಿರಿವಾಸಿಗಳನ್ನು ಕೊಂಡೊಯ್ದಿದೆ.

ಕೆಲಸವನ್ನು ಹೊತ್ತುಕೊಂಡು ಬೆಟ್ಟಕ್ಕೆ ಹೋಗುವುದು ಹೊಸ ಕಾಲದ ಕಲ್ಪನೆಯೆಂದು ತಿಳಿಯುವವರು ಶಿಮಲೆಯ ಚರಿತ್ರೆಯನ್ನು ಓದಬೇಕು. 1864ರಲ್ಲಿ ವೈಸರಾಯ್ ಜಾನ್ ಲಾರೆನ್ಸನು ಅದನ್ನು ಬೇಸಗೆಯ ರಾಜಧಾನಿಯನ್ನಾಗಿ ಮಾಡಿದ ಮೇಲೆ, ಭಾರತ ಸರಕಾರವೆಂಬ ಸರಕಾರವೇ, ಕಡತ, ಪೆಟ್ಟಿಗೆ, ಗುಮಾಸ್ತ, ಬಾಣಸಿಗ, ಮುದ್ರಣಯಂತ್ರಗಳ ಸಮೇತ, ವರ್ಷವರ್ಷವೂ ಕಲಕತ್ತೆಯಿಂದ ಸಾವಿರ ಮೈಲಿಗೂ ಮಿಕ್ಕಿದ ದಾರಿಯನ್ನು ಕ್ರಮಿಸಿ ಆ ಗುಡ್ಡವನ್ನೇರಿ, ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಅಲ್ಲಿಂದಲೇ ಮೂವತ್ತು ಕೋಟಿ ಜನರನ್ನು ಆಳುತ್ತಿತ್ತು. ರೈಲು ಕಾಲಕಾಕ್ಕೆ ಬಂದದ್ದು 1891ರಲ್ಲಿ, ಅಲ್ಲಿಂದ ಶಿಮಲೆಗೆ 96 ಕಿಲೋಮೀಟರಿನ ಪುಟ್ಟ ರೈಲು ಏರಿದ್ದು 1903ರಲ್ಲಿ; ಅಲ್ಲಿಯವರೆಗೆ ಆ ಸಾಮ್ರಾಜ್ಯದ ಕಡತಗಳು ಏರಿದ್ದು ಎತ್ತಿನ ಗಾಡಿಗಳಲ್ಲಿ ಮತ್ತು ಕೂಲಿಗಳ ಬೆನ್ನಿನ ಮೇಲೆ. ಕೂಲಿಯೆಂಬ ಮಾತೂ ಪೂರ್ತಿ ನಿಜವಲ್ಲ, ಬಹಳಷ್ಟು ಅದು ಬಿಟ್ಟಿ. ಬೇಗಾರವೆಂದು ಹೆಸರಾಗಿದ್ದ ಆ ಬಿಟ್ಟಿಯ ವಿರುದ್ಧ 1920ರ ಸುಮಾರಿಗೆ ಹೋರಾಡಿದವರಲ್ಲಿ ಮುಖ್ಯನಾದವನು ಕೋಟಗಡದ ಸ್ಟೋಕ್ಸನೆಂಬ ಅಮೆರಿಕದ ಮನುಷ್ಯ, ಆಮೇಲೆ ಸತ್ಯಾನಂದನೆಂದು ಹೆಸರು ಮಾಡಿಕೊಂಡವನು, 1916ರಲ್ಲಿ ತನ್ನ ದೇಶದ ಕೆಂಪು ಸೇಬನ್ನು ತಂದು ಆ ಗುಡ್ಡಗಳಲ್ಲಿ ನೆಟ್ಟವನು. ಈಗ ಬಾಡಿಗೆಯ ಕೋಣೆಯ ಕಿಟಕಿಯಿಂದ ಕಾಣುವ ಸೇಬಿನ ಸಿರಿಗೆ ಅವನೂ ಒಬ್ಬ ಮೂಲಪುರುಷ.

ಅಧಿಕಾರದ ಗಿರಿವಾಸಕ್ಕೆ ಹೋಲಿಸಿದರೆ ವಿದ್ಯೆಯ ಗಿರಿವಾಸವು ನನಗೆ ಹೆಚ್ಚು ಗೌರವಾರ್ಹವಾಗಿ ತೋರುತ್ತದೆ. ಮದರಾಸಿನಲ್ಲಿ ನಿಂತುಹೋಗಿದ್ದ 'ಪ್ರಬುದ್ಧ ಭಾರತ'ವೆಂಬ ಇಂಗ್ಲಿಷ್ ಮಾಸಪತ್ರಿಕೆಯನ್ನು ವಿವೇಕಾನಂದರು 1898ರಲ್ಲಿ ಅಲ್ಮೋರದಿಂದ ಪುನಃ ಹೊರಡಿಸಿ, ಮರುವರ್ಷ ಮಾಯಾವತಿಯ ಅದ್ವೈತಾಶ್ರಮಕ್ಕೆ ಅದನ್ನು ವರ್ಗಾಯಿಸಿದಾಗ, ದೇವದಾರುಗಳ ನಡುವಣ ಆ ನಿರ್ಜನಸ್ಥಳಕ್ಕೆ ಕೈಮುದ್ರಣಯಂತ್ರವೊಂದು ಕೂಡ ಹೋಯಿತು. ಸ್ವರೂಪಾನಂದರು ಸಂಪಾದಿಸಿದ ಪುಟಗಳು ಅಲ್ಲಿಯೇ ಅಚ್ಚಾಗಿ, ಟಪ್ಪಾಲಿನವನ ಕಾಲ್ನಡಿಗೆಯಿಂದ ಕೆಳಗಿಳಿದು ದೇಶವಿದೇಶಗಳಿಗೆ ಹೋಗುತ್ತಿದ್ದವು. ನಮ್ಮ ಮಗ್ಗುಲಿನಲ್ಲಿಯೇ ಇನ್ನೊಂದು ಉದಾಹರಣೆಯಿದೆ. ಅದರಲ್ಲಿ ಬೆಟ್ಟವಿಲ್ಲ, ಬಯಲಿದೆ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಇದೇ ಜತ್ತ ತಾಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರಿಂದ ಉಪದೇಶ ಪಡೆದ ಗುರುದೇವ ರಾನಡೆಯವರು ಅಲಹಾಬಾದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೂ ಕುಲಪತಿಗಳೂ ಆಗಿದ್ದುಕೊಂಡು, ಬಿಡುವು ಸಿಕ್ಕಾಗಲೆಲ್ಲ ಅಷ್ಟು ದೂರದಿಂದ ವಿಜಾಪುರ ಜಿಲ್ಲೆಯ ನಿಂಬಾಳಕ್ಕೆ, ಬಿಸಿಲಿಗೂ ಮುಳ್ಳುಜಾಲಿಗೂ ಹೆಸರಾದ ಒಂದು ಸಣ್ಣ ಹಳ್ಳಿಗೆ, ಬರುತ್ತಿದ್ದರು. ನಿವೃತ್ತಿಯ ಅನಂತರ ಅಲ್ಲಿಯೇ ನಿಂತು 1957ರಲ್ಲಿ ಅಲ್ಲಿಯೇ ದೇಹವಿಟ್ಟರು. ಏಕಾಂತಕ್ಕೆ ತಂಪುಗಾಳಿಯೇ ಬೇಕೆಂಬ ನಿಯಮವೇನೂ ಇಲ್ಲವೆಂದಾಯಿತು.

ಬೆಟ್ಟಕ್ಕೂ ಬಿಳೂರಿಗೂ ಇರುವ ನಿಜವಾದ ಸಂಬಂಧ ಮಳೆಯದು. ಮುಂಬಯಿಯ ಗವರ್ನರರು ಬೇಸಗೆಯ ಕಚೇರಿಯನ್ನು ಕೊಂಡೊಯ್ಯುತ್ತಿದ್ದ ಮಹಾಬಳೇಶ್ವರದ ಮೇಲೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮುಂಗಾರು, ಸಹ್ಯಾದ್ರಿಯನ್ನು ದಾಟಿ ಇತ್ತ ಇಳಿಯುವಷ್ಟರಲ್ಲಿ ಬರಿದಾಗಿ, ಜತ್ತದ ಪಾಲಿಗೆ ಅದರ ಹತ್ತನೆಯ ಒಂದು ಪಾಲು ಉಳಿಯುವುದೇ ಹೆಚ್ಚು. ಅದೇ ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯು ಸಾಂಗಲಿಯ ಮೇಲೆ ಹರಿದು ಹೋಗುತ್ತಾಳೆ, ನಮ್ಮ ಏರುನೆಲಕ್ಕೆ ತಾನಾಗಿ ಬರಲಾರಳು. ಮ್ಹೈಸಾಳದಿಂದ ಪಂಪುಗಳು ಅವಳನ್ನು ಮೆಟ್ಟಿಲು ಮೆಟ್ಟಿಲಾಗಿ ಎತ್ತಿ ತರಬೇಕು. 2022ರ ಕೊನೆಯಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಏತನೀರಾವರಿಯ ನೀರು ಗಡಿ ದಾಟಿ ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ಜತ್ತದ ಕೆರೆಗೆ ಹರಿದಾಗ ಎರಡು ರಾಜ್ಯಗಳ ರಾಜಕಾರಣಿಗಳೂ ಎಚ್ಚೆತ್ತು ಕುಳಿತದ್ದನ್ನು ಓದುಗರು ಮರೆತಿರಲಾರರು.

ಈ ನೀರಿನ ಅಭಾವದಿಂದಲೇ ಇನ್ನೊಂದು ಬಗೆಯ ಪ್ರಯಾಣವೂ ಹುಟ್ಟಿದೆ. ದಸರೆ ಕಳೆದು ದೀಪಾವಳಿ ಹತ್ತಿರ ಬಂದಿತೆಂದರೆ ಜತ್ತ ಸೀಮೆಯ ಹಳ್ಳಿಗಳಿಂದ ಕಬ್ಬು ಕಡಿಯುವ ಟೋಳಿಗಳು ಹೊರಡುತ್ತವೆ. ಗಂಡಹೆಂಡಿರನ್ನು ಸೇರಿಸಿ ಒಂದು ಕೋಯ್ತಾ ಎಂದು ಎಣಿಸುತ್ತಾರೆ. ಟೋಳಿ ಕಟ್ಟುವ ಮುಕಾದಮನು ಮೊದಲೇ ಉಚಲಿನ, ಎಂದರೆ ಮುಂಗಡದ, ಹಣ ಕೊಟ್ಟಿರುತ್ತಾನೆ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಜೋಳದ ಚೀಲ, ಕೊಡ, ಹಾಸಿಗೆಯ ಗಂಟು, ಕೂಸು, ಕೆಲವೊಮ್ಮೆ ಒಂದೆರಡು ಕೋಳಿ. ಸಾಂಗಲಿ ಕೊಲ್ಹಾಪುರ ಬೆಳಗಾವಿಗಳ ಕಾರಖಾನೆಗಳ ಸುತ್ತ ಪ್ಲಾಸ್ಟಿಕ್ಕಿನ ತಾಡಪತ್ರಿಯ ಗುಡಿಸಲು ಹಾಕಿಕೊಂಡು, ಕಾರಖಾನೆಯ ಹೊಗೆ ನಿಲ್ಲುವವರೆಗೆ ಅಲ್ಲಿಯೇ ಅವರ ವಾಸ. ಊರು ಬಿಟ್ಟು ದೂರ ಹೋಗಿ ಕೆಲಸವಿರುವಷ್ಟು ದಿನ ಇದ್ದು ಬರುವುದು ಇದೂ ಹೌದು, ಹುಡುಗನ ಗಿರಿವಾಸವೂ ಹೌದು. ಆದರೆ ಇಲ್ಲಿ ಕೆಲಸವು ಕಬ್ಬಿನ ಬುಡದಲ್ಲಿದೆ, ಮೈ ಅಲ್ಲಿಗೆ ಹೋಗಲೇಬೇಕು, ಮೈ ಹೋದರೆ ಮಕ್ಕಳ ಶಾಲೆ ತಪ್ಪಲೇಬೇಕು. ನವೆಂಬರದ ಯಾವ ಮಾರ್ಗಸೂಚಿಯೂ ಇವರನ್ನು ತಟ್ಟಲಿಲ್ಲ. ಒಂದೇ ಓಣಿಯ ಎರಡು ಮನೆಗಳಲ್ಲಿ ಒಂದರ ಕೆಲಸ ಚೀಲದೊಳಗೆ ಬರುವಂಥದಾಗಿ, ಇನ್ನೊಂದರ ಕೆಲಸ ಮನುಷ್ಯನನ್ನೇ ಚೀಲದೊಂದಿಗೆ ಎಳೆದೊಯ್ಯುವಂಥದಾಗಿ ಉಳಿದಿರುವ ಈ ಭೇದವನ್ನು, ದೂರವು ಸತ್ತಿತೆಂದು ಹಿಗ್ಗುವವರು ಗಮನಿಸಿದರೆ ಒಳ್ಳೆಯದು.

ಬೆಟ್ಟದವರ ಕಡೆಯ ಮಾತನ್ನೂ ಹೇಳಿಬಿಡಬೇಕು. ಹಿಮಾಚಲದ 1972ರ ಗೇಣಿ ಮತ್ತು ಭೂಸುಧಾರಣೆಯ ಕಾನೂನಿನ 118ನೆಯ ಕಲಮು, ಅಲ್ಲಿಯ ಕೃಷಿಕನಲ್ಲದವನು ಸರಕಾರದ ಅನುಮತಿಯಿಲ್ಲದೆ ಭೂಮಿ ಕೊಳ್ಳುವುದನ್ನು ತಡೆದಿರುವುದರಿಂದಲೇ ಸೇಬಿನ ತೋಟ ಇನ್ನೂ ತೋಟದವನ ಹೆಸರಿನಲ್ಲಿದೆಯೆಂದು ನನ್ನ ಅಭಿಪ್ರಾಯ. ನಮ್ಮ ಘಟ್ಟದಂಚಿನ ತಾಲೂಕುಗಳಲ್ಲಿ ಇಂಥ ಬಿಗಿ ಇದ್ದಿದ್ದರೆ ಎಷ್ಟೋ ಗುಡ್ಡಗಳು ಉಳಿಯುತ್ತಿದ್ದವು. ಆದರೂ ಪ್ರತಿ ಹೊಸ ಕೋಣೆಗೆ ನೀರು ಬೇಕು, ಪ್ರತಿ ಹೊಸ ಕಾರಿಗೆ ಅಗಲವಾದ ರಸ್ತೆ ಬೇಕು, ರಸ್ತೆ ಅಗಲವಾಗಬೇಕಾದರೆ ಗುಡ್ಡದ ಕಾಲು ಕಡಿಯಬೇಕು. 2023ರ ಜುಲೈಯಲ್ಲಿ ವ್ಯಾಸ (ಬಿಯಾಸ್) ನದಿಯು ಉಕ್ಕಿ ಕುಲ್ಲು-ಮನಾಲಿಗಳ ನಡುವಣ ಹೆದ್ದಾರಿಯನ್ನು ಅಲ್ಲಲ್ಲಿ ಹೊತ್ತುಕೊಂಡು ಹೋದಾಗ, ಕಚೇರಿಯನ್ನು ಚೀಲದಲ್ಲಿ ತಂದವರು ಚೀಲವನ್ನು ಎತ್ತಿಕೊಂಡು ಹೊರಟರು. ಸೇಬನ್ನು ಮಾರುಕಟ್ಟೆಗೆ ಸಾಗಿಸಬೇಕಾದವರು ಅಲ್ಲಿಯೇ ಉಳಿದರು. ಗಿರಿವಾಸವನ್ನು ಮಾಡಬಯಸುವವನು ಜುಲೈ ಆಗಸ್ಟುಗಳನ್ನು ಬಿಟ್ಟು, ಏಪ್ರಿಲ ಮೇಗಳಲ್ಲಿಯಾಗಲಿ ಸಪ್ಟೆಂಬರದ ಕೊನೆಯಿಂದ ನವೆಂಬರದವರೆಗಾಗಲಿ ಹೋಗುವುದು ಅವನಿಗೂ ಕ್ಷೇಮ, ಬೆಟ್ಟಕ್ಕೂ ಕ್ಷೇಮ.

ಇನ್ನು ಆ ವಿಚಿತ್ರದ ಮಾತು: ಬೇತಾರಿಗೆ ಬಯಲೇ ಹಿತವಾಗಿರುವಾಗ, ಕೋಣೆಗೆ ಬಾಡಿಗೆಯೂ ಬೇಕಿಲ್ಲದಿರುವಾಗ, ಅವ್ವನ ಕೈಯ ರೊಟ್ಟಿ ಸಿಕ್ಕುತ್ತಿರುವಾಗ, ಹುಡುಗನು ಬಿಳೂರಿನಲ್ಲಿಯೇ ಕುಳಿತು ಆ ಕೆಲಸವನ್ನು ಏಕೆ ಮಾಡಲಿಲ್ಲ? ಗ್ರಾಮಪಂಚಾಯತಿಗಳಿಗೆಲ್ಲ ಗಾಜಿನ ಎಳೆಯನ್ನು ಮುಟ್ಟಿಸುವ ಯೋಜನೆಗೆ ಕೇಂದ್ರ ಸರಕಾರವು 2011ರಲ್ಲಿಯೇ ಒಪ್ಪಿಗೆ ಕೊಟ್ಟು, ಆಮೇಲೆ ಅದಕ್ಕೆ ಭಾರತನೆಟ್ ಎಂದು ಹೆಸರಿಟ್ಟಿದೆ. ಪಂಚಾಯತಿಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಬರುವುದು ಮಾತ್ರ ಬಹಳ ಕಡೆ ಉಳಿದ ಕೆಲಸ. ಬೇಸಗೆಯಲ್ಲಿ ಕರೆಂಟಿನ ಕಾಟವಿದೆ, ಸೆಕೆಯಿದೆ. ಇವೆಲ್ಲ ಕಾರಣಗಳನ್ನು ನಾನೇ ಅವನ ಮುಂದೆ ಒಂದೊಂದಾಗಿ ಇಟ್ಟೆ. ಅವನು ನಕ್ಕನು.

"ಅದೆಲ್ಲಾ ನಡೀತದರಿ ಕಾಕಾ. ಲಾಕ್‌ಡೌನಿನ್ಯಾಗ ಇಲ್ಲೇ ಕೂತು ಮಾಡೇನಲ್ಲ. ಮನ್ಯಾಗ ಕೂತಾಂವ ಅಂದ್ರ ಖಾಲಿ ಕೂತಾನ ಅಂತ ಊರಿಗೆ ಊರ ತಿಳೀತದ. ಒಬ್ರು ಹೊಲದ ಸಾತಬಾರಾ ಉತಾರ ತಗಸಿಕೊಡು ಅಂತಾರ, ಒಬ್ರು ಪಂಪಿನ ಸ್ಟಾರ್ಟರ ನೋಡು ಬಾ ಅಂತಾರ, ಅಪ್ಪ ಎಮ್ಮಿಗೆ ನೀರ ಕುಡಸು ಅಂತಾನ. ಮೀಟಿಂಗಿನ್ಯಾಗ ಅದೇನಿ ಅಂದ್ರ, ಯಾರೂ ಕಾಣವಲ್ರು, ಯಾರ ಜೋಡಿ ಮೀಟಿಂಗು ಅಂತಾರ."

ಪರಿಹಾರವನ್ನೂ ಅವನೇ ಕಂಡುಕೊಂಡಿದ್ದಾನೆ. ಕುಲ್ಲುವಿನಿಂದ ಬಂದ ಮೇಲೆ ಜತ್ತದ ಪೇಟೆಯಲ್ಲಿ ಔಷಧದ ಅಂಗಡಿಯೊಂದರ ಮಾಳಿಗೆಯ ಮೇಲೆ ಸಣ್ಣದೊಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಬೆಳಗ್ಗೆ ಬುತ್ತಿ ಕಟ್ಟಿಸಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ಅಗಸಿಯ ಮುಂದಿನಿಂದ ಮೋಟರ್‌ಸೈಕಲ್ಲಿನ ಮೇಲೆ ಹೋಗುತ್ತಾನೆ. ಕೋಣೆಯ ಇಂಟರ್ನೆಟ್ಟು ಮನೆಯದಕ್ಕಿಂತ ತುಸು ನಿಧಾನವೇ ಅಂತೆ. ಆದರೆ ಈಗ ಅವನನ್ನು ಯಾರೂ ಉತಾರ ತೆಗೆಸಲು ಕರೆಯುವುದಿಲ್ಲ. ಮಗ ಜತ್ತದಲ್ಲಿ ಆಫೀಸಿಗೆ ಹೋಗುತ್ತಾನೆಂದು ಅವನ ಅಪ್ಪ ಸೋಮವಾರದ ಸಂತೆಯಲ್ಲಿ ಬೀಗರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.